ಚಿರತೆ ಹಿಡಿದು ದೂರ ಬಿಟ್ರೆ ಏನಾಗುತ್ತೆ?

ಥಾಣೆಯ ಘೋಡ್‌ಬಂದರ್ ರಸ್ತೆ ಕಡೆ ಯಾವುದೋ ಸೊಸೈಟಿಯ ಸಿಸಿಟಿವಿಯಲ್ಲಿ ಚಿರತೆ ಕಂಡ್ರೆ, ವಾಟ್ಸಾಪ್‌ನಲ್ಲಿ ಎಲ್ಲರೂ ಕೇಳೋದು ಒಂದೇ: ಬೋನಿಟ್ಟು ಹಿಡೀರಿ, ದೂರದ ಕಾಡಿಗೆ ಬಿಡಿ. ಮಕ್ಕಳು ಕೆಳಗೆ ಆಡ್ತಿರ್ತಾರೆ, ಭಯ ಸಹಜವೇ. ಆದರೆ ಈ ಉಪಾಯವನ್ನು ಆಗಲೇ ಮಾಡಿ ನೋಡಿದ್ದಾರೆ, ಡೇಟಾ ಇದೆ.

ಪುಣೆ ಜಿಲ್ಲೆಯ ಜುನ್ನರ್ ಅರಣ್ಯ ವಿಭಾಗದಲ್ಲಿ 2001ರಿಂದ 2003ರ ತನಕ ನೂರಕ್ಕೂ ಹೆಚ್ಚು ಚಿರತೆ ಹಿಡಿದರು. ಅದರಲ್ಲಿ 29ನ್ನು ಸರಾಸರಿ 40 ಕಿ.ಮೀ. ದೂರದ ಕಾಡುಗಳಿಗೆ ಸಾಗಿಸಿ ಬಿಟ್ಟರು. ಮೊದಲು ಮನುಷ್ಯರ ಮೇಲೆ ವರ್ಷಕ್ಕೆ ಸರಾಸರಿ 4 ದಾಳಿ ಆಗ್ತಿತ್ತು. ಆಮೇಲೆ 17! ವಿದ್ಯಾ ಆತ್ರೇಯ ಮತ್ತು ಸಂಗಡಿಗರ ಅಧ್ಯಯನ ಇದು. ಗೊತ್ತಿಲ್ಲದ ಜಾಗಕ್ಕೆ ಬಿದ್ದ ಪ್ರಾಣಿ ಗಾಬರಿಯಲ್ಲಿ ಇರುತ್ತೆ. ಇತ್ತ ಖಾಲಿಯಾದ ಜಾಗಕ್ಕೆ ಇನ್ನೊಂದು ಚಿರತೆ ಬಂದು ಕೂರುತ್ತೆ.

ಪಾಂಡಾದ್ದು ಇದರ ತಿರುಗುಮುರುಗು. ಬೋನಿನಲ್ಲೇ ಹುಟ್ಟಿದ ಶಿಯಾಂಗ್ ಶಿಯಾಂಗ್‌ಗೆ ತರಬೇತಿ ಕೊಟ್ಟು 2006ರಲ್ಲಿ ಚೀನಾದ ವೊಲಾಂಗ್ ಕಾಡಿಗೆ ಬಿಟ್ಟರು. ಕಾಡು ಪಾಂಡಾಗಳ ಜೊತೆ ಜಗಳದಲ್ಲಿ ಗಾಯಗೊಂಡು ಮರುವರ್ಷ ಸತ್ತಿತು. ಆಮೇಲೆ ಮರಿಗಳಿಗೆ ಮನುಷ್ಯರ ಅಭ್ಯಾಸವೇ ಆಗಬಾರದು ಅಂತ ಸಿಬ್ಬಂದಿ ಪಾಂಡಾ ವೇಷ ಹಾಕಿಕೊಂಡು ಓಡಾಡಿದರು. ನಗಬೇಡಿ, ನಿಜ. 2016ರಲ್ಲಿ ಪಾಂಡಾ 'ಅಳಿವಿನಂಚಿನ' ಪಟ್ಟಿಯಿಂದ ಒಂದು ಮೆಟ್ಟಿಲು ಕೆಳಗಿಳಿದದ್ದಕ್ಕೆ ಮುಖ್ಯ ಕಾರಣ ಬಿದಿರು ಕಾಡಿನ ರಕ್ಷಣೆ. ಬೋನಿನ ಮರಿಗಳ ಲೆಕ್ಕ ಅದರಲ್ಲಿ ಸಣ್ಣದು.

ಈಗ ನಮ್ಮ ಅಜೋಬಾ. 2009ರಲ್ಲಿ ಅಹಮದ್‌ನಗರ ಜಿಲ್ಲೆಯ ಬಾವಿಗೆ ಬಿದ್ದಿದ್ದ ಗಂಡು ಚಿರತೆ. ವಯಸ್ಸಾಗಿತ್ತು, ಅದಕ್ಕೇ ಮರಾಠಿಯಲ್ಲಿ ಅಜ್ಜ ಅನ್ನೋ ಹೆಸರು. ಕೊರಳಿಗೆ ಜಿಪಿಎಸ್ ಕಾಲರ್ ಹಾಕಿ ಮಾಳ್‌ಶೇಜ್ ಘಾಟ್‌ನಲ್ಲಿ ಬಿಟ್ಟರು. ಮಳೆಗಾಲದಲ್ಲಿ ಕಲ್ಯಾಣದಿಂದ ಮುರಬಾಡ್ ದಾಟಿ ಹೋಗ್ತೀವಲ್ಲ, ಅದೇ ಘಾಟ್. ಅಜ್ಜ ಅಲ್ಲಿ ನಿಲ್ಲಲಿಲ್ಲ. ಆಗ್ರಾ ಹೈವೇ, ಕಸಾರಾ ಹತ್ತಿರ ರೈಲ್ವೆ ಹಳಿ (ಹೌದು, ನಮ್ಮ ಕಸಾರಾ ಲೋಕಲ್‌ದೇ ಲೈನು) ದಾಟಿ, ವಸಾಯಿ ಖಾಡಿಯನ್ನು ಈಜಿ, ಸುಮಾರು 120 ಕಿ.ಮೀ. ಕ್ರಮಿಸಿ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನಕ್ಕೆ ಬಂದ. ಒಂದು ತಿಂಗಳೂ ಹಿಡೀಲಿಲ್ಲ. ನಾವು 'ಕಾಡು' ಅಂತ ಬಿಟ್ಟು ಬರೋ ಜಾಗ ಅವನ ಮ್ಯಾಪ್‌ನಲ್ಲಿ ಬರೀ ಒಂದು ಚುಕ್ಕೆ.

2011ರ ಡಿಸೆಂಬರ್‌ನಲ್ಲಿ ಮುಂಬೈ–ಅಹಮದಾಬಾದ್ ಹೈವೇ ದಾಟುವಾಗ ವಾಹನ ಬಡಿದು ಅಜೋಬಾ ಸತ್ತ. ಮೈಯೊಳಗಿನ ಮೈಕ್ರೋಚಿಪ್‌ನಿಂದ ಗುರುತು ಸಿಕ್ಕಿತು.

ಹಾಗಾಗಿ ಸೊಸೈಟಿ ಮೀಟಿಂಗ್‌ನಲ್ಲಿ ಬೋನು ಕೇಳೋ ಮುಂಚೆ ಕಸದ ತೊಟ್ಟಿ ನೋಡಿ. ಕಸಕ್ಕೆ ಬೀದಿನಾಯಿ, ನಾಯಿಗೆ ಚಿರತೆ. ಸಂಜೆಯ ಮೇಲೆ ಮಕ್ಕಳನ್ನು ಒಂಟಿಯಾಗಿ ಬಿಡಬೇಡಿ, ಹಿಂದಿನ ಗೋಡೆ ಹತ್ತಿರ ದೀಪ ಹಾಕಿಸಿ. ಚಿರತೆ ಕಂಡ್ರೆ ಮೊಬೈಲ್ ಹಿಡ್ಕೊಂಡು ಸುತ್ತುಗಟ್ಟಬೇಡಿ, ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ.