ಅಟ್ಟದ ಮೇಲಿನ ಸೆಟ್ಟು, ಸಮುದ್ರದಾಚೆಯ ಗಿರಾಕಿ

‘ಹಳೇ ಕಬ್ಬಿಣ, ಹಳೇ ಪಾತ್ರೆ, ಹಳೇ ಪೇಪರ್, ಕೆಟ್ಟೋಗಿರೋ ಟಿ.ವಿ…’ ಎಂದು ಮೈಕಿನಲ್ಲಿ ಕೂಗಿಕೊಂಡು ಬರುವ ಗುಜರಿ ಆಟೊಗೆ ಹಳ್ಳಿಯಾದರೇನು, ಬಡಾವಣೆಯಾದರೇನು? ಅಟ್ಟದಿಂದ ಇಳಿಸಿದ ರೇಡಿಯೊಗ್ರಾಮ್, ಆಂಪ್ಲಿಫೈಯರ್, ತಿರುಗದ ರೆಕಾರ್ಡ್ ಪ್ಲೇಯರ್ ಎಲ್ಲವೂ ಅಲ್ಲಿ ತಕ್ಕಡಿಗೆ ಹೋಗುತ್ತವೆ. ಗುಜರಿಯವನಿಗೆ ಬೇಕಿರುವುದು ಟ್ರಾನ್ಸ್‌ಫಾರ್ಮರ್ ಒಳಗಿನ ತಾಮ್ರ. ಹಿಂಬದಿಯ ಪುಟ್ಟ ತಗಡಿನ ಮೇಲೆ ಗ್ಯಾರಾರ್ಡ್, ಥಾರೆನ್ಸ್, ಕ್ವಾಡ್ ಎಂದು ಬರೆದಿದ್ದರೂ ಅವನಿಗೆ ಅದು ಕಿಲೋ ಲೆಕ್ಕವೇ. ಅದೇ ತಗಡಿನ ಫೋಟೊವೊಂದು ಜರ್ಮನಿಯ ಅಥವಾ ಜಪಾನಿನ ಸಂಗ್ರಾಹಕನ ಕಣ್ಣಿಗೆ ಬಿದ್ದರೆ ಲೆಕ್ಕವೇ ಬೇರೆಯಾಗುತ್ತದೆ.

ನಮ್ಮ ಮರಳವಾಡಿಯಂಥ ಕಡೆ ಇಂಥ ಸಾಮಾನು ಎಲ್ಲಿಂದ ಬರಬೇಕು ಎಂದು ಕೇಳಬಹುದು. ಹಾರೋಹಳ್ಳಿ ತಾಲ್ಲೂಕಿನ ಈ ಹೋಬಳಿ ರಾಗಿಯ ಸೀಮೆ, ಹಿಪ್ಪುನೇರಳೆಯ ಸೀಮೆ. ಆದರೆ ಬೆಂಗಳೂರು ದೂರವಿಲ್ಲ. ಸಾರ್ವಜನಿಕ ವಲಯದ ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾಗಿ ಊರಿಗೆ ಮರಳಿದವರು, ತೋಟದ ಮನೆ ಕಟ್ಟಿಕೊಂಡ ನಗರದವರು, ಕೊಲ್ಲಿ ದೇಶಗಳಿಗೆ ಹೋಗಿಬಂದ ಮಕ್ಕಳು, ಹೀಗೆ ದಾರಿಗಳು ಹಲವು. 1991ಕ್ಕೆ ಮುಂಚೆ ಆಮದಿನ ಮೇಲೆ ಎಷ್ಟು ಬಿಗಿಯಿತ್ತೆಂದರೆ, ಜಪಾನಿನ ಒಂದು ಡೆಕ್ ಮನೆಗೆ ಬಂದರೆ ಅದಕ್ಕೆ ಕಸೂತಿ ಬಟ್ಟೆ ಹೊದಿಸಿ ದೇವರಂತೆ ಕೂರಿಸುತ್ತಿದ್ದರು. ಮಕ್ಕಳು ಮುಟ್ಟುವ ಹಾಗಿರಲಿಲ್ಲ. ಆ ಅತಿ ಜೋಪಾನವೇ ಈಗ ಬೆಲೆಯಾಗಿ ಕುಳಿತಿದೆ. ಟೆಂಟ್ ಸಿನಿಮಾಗಳದು ಇನ್ನೊಂದು ಕಥೆ. ಆಟ ಶುರುವಾಗುವ ಮುನ್ನ ಘಂಟಸಾಲರ ‘ನಮೋ ವೆಂಕಟೇಶ’ ಹಾಕಿ ಊರಿಗೆಲ್ಲ ಕೇಳಿಸುತ್ತಿದ್ದ ಟೆಂಟುಗಳು ಮುಚ್ಚಿದವು. ಅವುಗಳ ವಾಲ್ವ್ ಆಂಪ್ಲಿಫೈಯರ್, ಹಾರ್ನ್‌ಗಳಲ್ಲಿ ಬಹುಪಾಲು ಗುಜರಿಗೇ ಹೋದವು. ಹಳೆಯ ಚಿತ್ರಮಂದಿರಗಳ ವೆಸ್ಟರ್ನ್ ಎಲೆಕ್ಟ್ರಿಕ್ ಸಾಮಗ್ರಿಗಾಗಿ ಜಪಾನ್, ಕೊರಿಯಾದ ಸಂಗ್ರಾಹಕರು ಪ್ರಪಂಚವನ್ನೇ ಜಾಲಾಡುತ್ತಾರೆಂಬುದು ನಮ್ಮ ಟೆಂಟಿನ ಮಾಲೀಕರಿಗೆ ಯಾರು ಹೇಳಬೇಕಿತ್ತು?

ಕನ್ನಡ ನಾಡಿನಿಂದ ಹೊರದೇಶಕ್ಕೆ ಹೋಗಿ ಹೆಸರು ಮಾಡಿದ ಹಳೆಯ ಆಡಿಯೊ ವಸ್ತುವೊಂದಿದೆ. ಅದು ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದು, ಮೇಲಾಗಿ ನಮ್ಮಲ್ಲೇ ತಯಾರಾದದ್ದು. 1954ರಲ್ಲಿ ಫ್ರಾನ್ಸಿನ ಸಿಎಸ್‌ಎಫ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಹುಟ್ಟಿದ ಭಾರತ್ ಎಲೆಕ್ಟ್ರಾನಿಕ್ಸ್, ಅಂದರೆ ಬಿಇಎಲ್, 1961ರಲ್ಲಿ ಗಾಜಿನ ಕೊಳವೆಯಂಥ ರೇಡಿಯೊ ವಾಲ್ವ್‌ಗಳನ್ನು ತಯಾರಿಸಲು ತೊಡಗಿತು. ಮರುವರ್ಷ ಜರ್ಮೇನಿಯಂ ಟ್ರಾನ್ಸಿಸ್ಟರ್‌ಗಳ ಸರದಿ, 1964ರಲ್ಲಿ ಆಕಾಶವಾಣಿಗೆ ಟ್ರಾನ್ಸ್‌ಮಿಟರ್. ವಾಲ್ವ್‌ಗೆ ಕೈಹಾಕಿದ ಬೆನ್ನಿಗೇ ವಾಲ್ವ್‌ನ ಮೃತ್ಯುವನ್ನೂ ಅದೇ ಕಾರ್ಖಾನೆ ತಯಾರಿಸಿತು ಎನ್ನಬೇಕು. ಆದರೂ ಮನೆಮನೆಯ ರೇಡಿಯೊ, ಊರೂರಿನ ಮೈಕ್ ಸೆಟ್ಟು ವರ್ಷಾನುಗಟ್ಟಲೆ ವಾಲ್ವ್ ಮೇಲೆಯೇ ನಡೆದವು. ರಿಪೇರಿ ಅಂಗಡಿಗಳ ಡ್ರಾಯರ್‌ಗಳಲ್ಲಿ ರಟ್ಟಿನ ಪೆಟ್ಟಿಗೆ ಬಿಚ್ಚದ ಬಿಇಎಲ್ ವಾಲ್ವ್‌ಗಳು ಉಳಿದುಕೊಂಡವು.

ಟ್ರಾನ್ಸಿಸ್ಟರ್ ಬಂದ ಮೇಲೂ ಇಬ್ಬರು ವಾಲ್ವನ್ನು ಬಿಡಲಿಲ್ಲ. ಒಬ್ಬ ಎಲೆಕ್ಟ್ರಿಕ್ ಗಿಟಾರ್ ನುಡಿಸುವವನು, ಇನ್ನೊಬ್ಬ ಸಂಗೀತ ಕೇಳುವುದನ್ನೇ ವ್ರತ ಮಾಡಿಕೊಂಡವನು. ಇಬ್ಬರಿಗೂ ಬೇಕಿರುವ ನಂಬರುಗಳು ನಮ್ಮ ಹಳೆಯ ಮೆಕ್ಯಾನಿಕ್‌ಗಳಿಗೆ ಬಾಯಿಪಾಠ: ಇಸಿಸಿ83, ಇಎಲ್84. ಅಮೆರಿಕದವರು ಇಸಿಸಿ83ನ್ನು 12ಎಎಕ್ಸ್7 ಎನ್ನುತ್ತಾರೆ, ವಸ್ತು ಒಂದೇ. ಇಂದು ಹೊಸ ವಾಲ್ವ್ ತಯಾರಾಗುವುದು ಮುಖ್ಯವಾಗಿ ರಷ್ಯಾ, ಸ್ಲೊವಾಕಿಯಾ, ಚೀನಾಗಳಲ್ಲಿ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾಗಿ ರಷ್ಯಾ ರಫ್ತಿಗೆ ತಡೆ ಹಾಕಿದಾಗ ಪೂರೈಕೆ ಒಮ್ಮೆಗೇ ಕುಸಿದು ಬೆಲೆ ಏರಿತು. ಆಗ ಪಶ್ಚಿಮದ ಗಿರಾಕಿಗಳು ಹಳೆಯ ದಾಸ್ತಾನು ಹುಡುಕತೊಡಗಿದರು. ಇಲ್ಲಿನ ಡ್ರಾಯರ್‌ಗಳಿಗೂ ಆ ಬಿಸಿ ತಟ್ಟಿತು.

ವಾಲ್ವ್ ನೋಡುವುದಕ್ಕೆ ಒಂದು ಕ್ರಮವಿದೆ. ಗಾಜಿನ ತುದಿಯಲ್ಲಿ ಒಳಗಡೆ ಬೆಳ್ಳಿಯ ಲೇಪದಂಥ ಹೊಳಪಿರುತ್ತದೆ. ಒಳಗೆ ಉಳಿದ ಗಾಳಿಯನ್ನು ಹೀರಿಕೊಳ್ಳಲೆಂದು ಕಾರ್ಖಾನೆಯಲ್ಲಿ ಉರಿಸಿಟ್ಟ ಲೋಹ ಅದು. ಬೆಳ್ಳಗೆ ಹಾಲಿನ ಹಾಗಾಗಿದ್ದರೆ ಗಾಜು ಬಿರುಕು ಬಿಟ್ಟು ಗಾಳಿ ಹೊಕ್ಕಿದೆ, ಆ ವಾಲ್ವ್ ಮುಗಿಯಿತು. ಹೊಳಪು ಬೆಳ್ಳಿಯಂತೋ ಕಪ್ಪಗೋ ಇದ್ದು ಅಂಚು ಸ್ಪಷ್ಟವಾಗಿದ್ದರೆ ಆಸೆ ಇಟ್ಟುಕೊಳ್ಳಬಹುದು. ಆಮೇಲೆ ಕಾಲುಗಳ ಕಿಲುಬು, ಗಾಜಿನ ಮೇಲಿನ ಅಕ್ಷರ. ಆ ಅಕ್ಷರವನ್ನು ಒರೆಸಲೇಬಾರದು, ಬೆರಳಿನ ಉಜ್ಜಿಗೇ ಅಳಿಸಿಹೋಗುತ್ತದೆ. ಅಕ್ಷರ ಹೋದ ವಾಲ್ವ್ ಯಾವ ಊರಿನದೆಂದು ಹೊರದೇಶದವನು ಹೇಗೆ ನಂಬುತ್ತಾನೆ? ಅಗ್ಗದ ವಾಲ್ವ್‌ನ ಅಕ್ಷರ ಅಳಿಸಿ ದುಬಾರಿ ಹೆಸರಿನ ಅಚ್ಚು ಹಾಕುವ ಮೋಸ ಈ ವ್ಯಾಪಾರದಷ್ಟೇ ಹಳೆಯದು. ಕೊನೆಗೆ ಟೆಸ್ಟರ್‌ನಲ್ಲಿ ಅಳೆದು ಬಂದ ಅಂಕಿಯನ್ನು ಪ್ರತಿ ಪೆಟ್ಟಿಗೆಯ ಮೇಲೂ ಬರೆಯಬೇಕು. ಅಂಕಿ ಬರೆದ ಜೋಡಿಗೆ ಸಿಗುವ ಬೆಲೆ ‘ಚೆನ್ನಾಗಿದೆ ಸಾರ್’ ಎಂದ ಜೋಡಿಗೆ ಎಂದೂ ಸಿಗದು.

ರೆಕಾರ್ಡ್ ಪ್ಲೇಯರ್‌ಗಳ ವಿಷಯಕ್ಕೆ ಬಂದರೆ ತೊಡಕು ಹೆಚ್ಚು. 1954ರ ಗ್ಯಾರಾರ್ಡ್ 301, 1965ರ 401, 1957ರ ಥಾರೆನ್ಸ್ ಟಿಡಿ 124, 1972ರಲ್ಲಿ ಬಂದ ಟೆಕ್ನಿಕ್ಸ್ ಎಸ್‌ಎಲ್-1200, ಇವೆಲ್ಲ ಹೊರಗೆ ಕಣ್ಣಿಗೊತ್ತಿಕೊಂಡು ಕೊಳ್ಳುವ ಹೆಸರುಗಳು. ಆದರೆ ಗ್ಯಾರಾರ್ಡ್‌ನಂಥ ಹಳೆಯ ಡೆಕ್‌ಗಳ ಮೋಟಾರಿನ ವೇಗವನ್ನು ನಿರ್ಧರಿಸುವುದು ಕರೆಂಟಿನ ಆವರ್ತನ. ನಮ್ಮದು 230 ವೋಲ್ಟ್, 50 ಹರ್ಟ್ಸ್. ಅಮೆರಿಕದ್ದು 120 ವೋಲ್ಟ್, 60 ಹರ್ಟ್ಸ್. ಇಲ್ಲಿ ನಿಮಿಷಕ್ಕೆ 33⅓ ಸುತ್ತು ಸರಿಯಾಗಿ ಸುತ್ತುವ ಡೆಕ್ ಅಲ್ಲಿ ಪುಲ್ಲಿ ಬದಲಿಸದೆ ಹಾಕಿದರೆ 40 ಸುತ್ತು ಸುತ್ತುತ್ತದೆ, ಹಾಡುವವರೆಲ್ಲ ಕೀಚಲು ದನಿಯಾಗುತ್ತಾರೆ. ಜಪಾನಿನದು ಇನ್ನೂ ವಿಚಿತ್ರ. ವೋಲ್ಟ್ 100 ಮಾತ್ರ, ದೇಶದ ಪೂರ್ವಕ್ಕೆ 50 ಹರ್ಟ್ಸ್, ಪಶ್ಚಿಮಕ್ಕೆ 60. ಟೋಕಿಯೊದವನಿಗೆ ಸರಿಹೋದದ್ದು ಒಸಾಕಾದವನಿಗೆ ಹೊಂದುವುದಿಲ್ಲ. ಹಾಗಾಗಿ ಮೊದಲ ಸಲ ಮಾರುವವನಿಗೆ ನೆಮ್ಮದಿಯ ಗಿರಾಕಿ ಯುರೋಪಿನವನು. ಅವನ ಮನೆಯ ಕರೆಂಟೂ ನಮ್ಮ ಮನೆಯ ಕರೆಂಟೂ ಒಂದೇ.

ಇನ್ನು ಪ್ಯಾಕಿಂಗ್. ಈ ವ್ಯಾಪಾರದಲ್ಲಿ ಜಗಳವಾಗುವುದು ಬೆಲೆಗಿಂತ ಹೆಚ್ಚಾಗಿ ಡಬ್ಬದ ಮೇಲೆ. ಡೆಕ್ ಕಳಿಸುವವನು ಮೊದಲು ಮುಳ್ಳಿಗೆ ಕವಚ ಹಾಕಬೇಕು. ತೋಳಿನ ಹಿಂದಿನ ಭಾರದ ಗುಂಡನ್ನು ಬಿಚ್ಚಿ ಬೇರೆ ಸುತ್ತಬೇಕು. ತೋಳನ್ನು ಅದರ ಆಸರೆಗೆ ಕಟ್ಟಬೇಕು, ಅದೂ ಗಮ್ ಟೇಪ್ ಹಚ್ಚದೆ. ತಟ್ಟೆಯನ್ನು ನಡುಗೂಟದಿಂದ ಎತ್ತಿ ತೆಗೆದು, ಪ್ರತ್ಯೇಕವಾಗಿ ಸುತ್ತಿ ಪೆಟ್ಟಿಗೆಯ ತಳದಲ್ಲಿಡಬೇಕು. ತಟ್ಟೆ ಮೇಲೆಯೇ ಇದ್ದರೆ ಲಾರಿಯ ಒಂದೇ ಕುಲುಕಿಗೆ ಬೇರಿಂಗ್ ಹೋಗುತ್ತದೆ, ಗಿರಾಕಿಗೆ ತಲುಪುವಾಗ ಹೊರಗೆ ಗೀರೂ ಇಲ್ಲ, ಒಳಗೆ ಜೀವವೂ ಇಲ್ಲ. ಡಬ್ಬದೊಳಗೆ ಡಬ್ಬ, ನಡುವೆ ನಾಲ್ಕು ಬೆರಳಿನ ಫೋಮ್. ಊರಿನ ಬಡಗಿಯಿಂದ ನೀಲಗಿರಿ ಹಲಗೆಯ ಪೆಟ್ಟಿಗೆ ಹೊಡೆಸಿ ಬಿಡೋಣ ಎಂದುಕೊಂಡರೆ ಅದೂ ನಡೆಯದು. ಹಲಗೆ ಮರದ ಪೆಟ್ಟಿಗೆಗೆ ಕೀಟನಾಶಕ ಶಾಖೋಪಚಾರದ ಐಎಸ್‌ಪಿಎಂ 15 ಮುದ್ರೆ ಬೇಕು. ಪ್ಲೈವುಡ್‌ಗೆ ಆ ಕಟ್ಟಲೆ ಇಲ್ಲ. ನಮ್ಮದೇ ಜಿಲ್ಲೆಯ ಚನ್ನಪಟ್ಟಣದ ಬೊಂಬೆ ರಫ್ತು ಮಾಡುವವರಿಗೆ ಇಂಥ ಸೂಕ್ಷ್ಮವೆಲ್ಲ ಗೊತ್ತು. ಹೊರದೇಶದ ಗಿರಾಕಿಯ ಜೊತೆ ವ್ಯವಹರಿಸುವ ಪಾಠಕ್ಕೆ ನಾವು ದೂರ ಹೋಗಬೇಕಿಲ್ಲ.

ಕೊರಿಯರ್‌ನವರು ತೂಕದ ಜೊತೆ ಗಾತ್ರವನ್ನೂ ಅಳೆಯುತ್ತಾರೆ ಎಂಬುದನ್ನು ಹೊಸಬರು ಮರೆಯುತ್ತಾರೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುವುದು ವಾಡಿಕೆಯ ಲೆಕ್ಕ. 60, 60, 50ರ ಡಬ್ಬ 36 ಕಿಲೋ ಆಯಿತು, ಒಳಗಿನ ಸ್ಪೀಕರ್ 20 ಕಿಲೋ ಇದ್ದರೂ ಬಿಲ್ಲು 36ಕ್ಕೇ. ಬೆಲೆಬಾಳುವ ಸ್ಪೀಕರನ್ನು ಹಡಗಿನಲ್ಲೋ ವಿಮಾನದಲ್ಲೋ ಕಳಿಸುವುದಕ್ಕಿಂತ ಬೆಂಗಳೂರಿನ ಹವ್ಯಾಸಿಯೊಬ್ಬ ಮನೆಗೇ ಬಂದು ಕೇಳಿ ಒಯ್ಯಲಿ ಎಂದು ನಾನು ಹೇಳುವುದು ಇದಕ್ಕೇ.

ಕಾಗದಪತ್ರ ಭಯಪಡುವಂಥದ್ದಲ್ಲ, ತಪ್ಪಿಸಿಕೊಳ್ಳುವಂಥದ್ದೂ ಅಲ್ಲ. ವ್ಯಾಪಾರವಾಗಿ ಕಳಿಸುವವನಿಗೆ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಐಇಸಿ ಎಂಬ ಆಮದು-ರಫ್ತು ಸಂಖ್ಯೆ ಬೇಕು. ಅರ್ಜಿ ಆನ್‌ಲೈನಿನಲ್ಲೇ, ಶುಲ್ಕ 500 ರೂಪಾಯಿ, ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್‌ನೊಳಗೆ ವಿವರ ದೃಢೀಕರಿಸಬೇಕು. ಸರಕಿನ ವರ್ಗ ಸಂಖ್ಯೆ ಸ್ಪೀಕರ್, ಆಂಪ್ಲಿಫೈಯರ್‌ಗೆ 8518, ರೆಕಾರ್ಡ್ ಪ್ಲೇಯರ್‌ಗೆ 8519, ವಾಲ್ವ್‌ಗೆ 8540. ಅಂಚೆ ಇಲಾಖೆ 2022ರಿಂದ ತೆರೆಯುತ್ತಿರುವ ಡಾಕ್ ಘರ್ ನಿರ್ಯಾತ್ ಕೇಂದ್ರಗಳು ಸಣ್ಣ ರಫ್ತುದಾರರಿಗೆಂದೇ ಇವೆ. 1980ರ ದಶಕದವರೆಗೂ ರೇಡಿಯೊ ಇಟ್ಟುಕೊಂಡದ್ದಕ್ಕೆ ಲೈಸೆನ್ಸ್ ಶುಲ್ಕ ಕಟ್ಟಿಸಿಕೊಳ್ಳುತ್ತಿದ್ದ ಇಲಾಖೆ ಅದು. ಅದೇ ರೇಡಿಯೊದ ವಾಲ್ವನ್ನು ಈಗ ಹೊರದೇಶಕ್ಕೆ ಕಳಿಸಿಕೊಡುತ್ತದೆ. ದುಡ್ಡಿಗೆ ಪೇಪಾಲ್ ಇದೆ. 2021ರ ಏಪ್ರಿಲ್‌ನಿಂದ ಅದು ದೇಶದೊಳಗಿನ ಪಾವತಿ ನಿಲ್ಲಿಸಿ, ಹೊರದೇಶದಿಂದ ಬರುವ ಹಣಕ್ಕೆ ಸೀಮಿತವಾಗಿದೆ. ಆದರೆ ಅಲ್ಲಿ ಗಿರಾಕಿಗೆ ತಕರಾರು ಎತ್ತಲು 180 ದಿನವಿದೆ. ಕೆಟ್ಟ ಸೆಟ್ಟೊಂದನ್ನು ವಾಪಸು ಕಳಿಸಿ ‘ನೀನು ಕೊಟ್ಟದ್ದು ಇದೇ’ ಎನ್ನುವವರೂ ಇದ್ದಾರೆ. ಒಳಗಿನ ಭಾಗಗಳ, ಸೀರಿಯಲ್ ನಂಬರಿನ, ಪ್ಯಾಕ್ ಮಾಡುವ ಪ್ರತಿ ಹಂತದ ಫೋಟೊ ಇಟ್ಟುಕೊಂಡವನು ಮಾತ್ರ ಬಚಾವು. ಬೆಲೆಗಿಂತ ಹೆಚ್ಚು ಹಣ ಹಾಕಿದ್ದೇನೆ, ಉಳಿದದ್ದನ್ನು ನನ್ನ ಏಜೆಂಟನಿಗೆ ಕೊಡಿ ಎಂಬ ಇಮೇಲ್ ಬಂದರೆ ಉತ್ತರವನ್ನೇ ಬರೆಯಬೇಡಿ.

ಅಮೆರಿಕದ ದಾರಿ ಇತ್ತೀಚೆಗೆ ದುಬಾರಿಯಾಗಿದೆ. 800 ಡಾಲರ್‌ವರೆಗಿನ ಪಾರ್ಸೆಲ್‌ಗೆ ಇದ್ದ ಸುಂಕ ವಿನಾಯಿತಿಯನ್ನು ಆ ದೇಶ 2025ರ ಆಗಸ್ಟ್ 29ರಿಂದ ತೆಗೆದುಹಾಕಿತು. ಭಾರತೀಯ ಅಂಚೆ ಕೆಲಕಾಲ ಅಲ್ಲಿಗೆ ಬುಕಿಂಗನ್ನೇ ನಿಲ್ಲಿಸಿ ಅಕ್ಟೋಬರಿನಲ್ಲಿ ಮತ್ತೆ ಆರಂಭಿಸಿತು. ಸುಂಕದ ದರ ಕಳಿಸಿದ ದೇಶದ ಮೇಲಲ್ಲ, ತಯಾರಾದ ದೇಶದ ಮೇಲೆ ಬೀಳುತ್ತದೆ. ಮರಳವಾಡಿಯಿಂದ ಹೊರಟರೂ ಗ್ಯಾರಾರ್ಡ್ ಇಂಗ್ಲೆಂಡಿನದೇ, ಬಿಇಎಲ್ ವಾಲ್ವ್ ಭಾರತದ್ದೇ. ಇನ್‌ವಾಯ್ಸಿನಲ್ಲಿ ಹಾಗೇ ಬರೆಯಬೇಕು.

ಎರಡು ಕಾನೂನುಗಳನ್ನಂತೂ ಮರೆಯಬಾರದು. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ತುಂಬಿದ ವಸ್ತುವನ್ನು ಖಾಸಗಿಯವರು ರಫ್ತು ಮಾಡುವಂತಿಲ್ಲ. ಮುತ್ತಜ್ಜನ ಕಾಲದ ಗ್ರಾಮೊಫೋನ್ ಇದ್ದರೆ ಅದು ಆ ಸಾಲಿಗೆ ಬರುತ್ತದೋ ಇಲ್ಲವೋ ಎಂದು ಪುರಾತತ್ವ ಸರ್ವೇಕ್ಷಣಾ ಇಲಾಖೆಯಿಂದ ತಿಳಿದುಕೊಳ್ಳುವುದು ಕ್ಷೇಮ. ಹಿತ್ತಾಳೆ ಹಾರ್ನ್‌ನ ಹೊಸ ನಕಲಿ ಗ್ರಾಮೊಫೋನ್‌ಗಳಿಂದ ಭಾರತದ ಹೆಸರು ಹೊರಗೆ ಮೊದಲೇ ಕೆಟ್ಟಿದೆ, ‘ಅಪ್ಪಟ ಎಚ್‌ಎಂವಿ’ ಎಂದರೆ ಅಲ್ಲಿನವರು ನಗುತ್ತಾರೆ. ಎರಡನೆಯದು ಮರ. ನಮ್ಮ ಬೀಟೆ ಸೇರಿದಂತೆ ಆ ಕುಲದ ಮರಗಳೆಲ್ಲ 2017ರಿಂದ ಸೈಟಿಸ್ ಎಂಬ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ನಿಯಂತ್ರಣದಲ್ಲಿವೆ. ಬ್ರೆಜಿಲಿನ ಬೀಟೆಗೆ 1992ರಿಂದಲೇ ಅತಿ ಕಟ್ಟುನಿಟ್ಟು. ಡೆನ್ಮಾರ್ಕಿನ ಬ್ಯಾಂಗ್ ಅಂಡ್ ಒಲುಫ್ಸೆನ್‌ನ ಹಳೆಯ ಸೆಟ್ಟುಗಳ ಅಂದದ ಹೊದಿಕೆ ಎಷ್ಟೋ ಕಡೆ ಬೀಟೆಯದು. ಕಾಗದವಿಲ್ಲದೆ ಕಳಿಸಿದರೆ ಬಂದರಿನಲ್ಲೇ ಮುಟ್ಟುಗೋಲಾಗಬಹುದು.

ರೆಕಾರ್ಡುಗಳ ಮಾತು ಒಂದಿಷ್ಟು. 1973ರ ಅಕ್ಟೋಬರ್‌ನಲ್ಲಿ ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣ ಶುರುವಾಗಿ 1975ರ ಆಗಸ್ಟ್ 15ರಂದು ತೆರೆಕಂಡ ‘ಶೋಲೆ’ಯ ಸಂಭಾಷಣೆಯನ್ನು ಪಾಲಿಡಾರ್ ಕಂಪನಿ ರೆಕಾರ್ಡಿನಲ್ಲಿ ತಂದಿತ್ತು. ಜನ ಹಾಡಿಗಿಂತ ಮಾತಿಗೆ ಮುಗಿಬಿದ್ದ ರೆಕಾರ್ಡ್ ಅದು. ಬಾಂಬೆಯ ಚರಣ್‌ಜಿತ್ ಸಿಂಗ್ 1982ರಲ್ಲಿ ಸಿಂಥಸೈಜರ್‌ನಲ್ಲಿ ನುಡಿಸಿದ ಹತ್ತು ರಾಗಗಳ ರೆಕಾರ್ಡನ್ನು ಆಗ ಯಾರೂ ಕೇಳಲಿಲ್ಲ. 2010ರಲ್ಲಿ ಯುರೋಪಿನಲ್ಲಿ ಮರುಮುದ್ರಣವಾದ ಮೇಲೆ ಮೂಲ ಪ್ರತಿಗೆ ಸಂಗ್ರಾಹಕರು ಹುಚ್ಚೆದ್ದರು. ರೆಕಾರ್ಡು ಹಗುರ, ಚಪ್ಪಟೆ, ಅಂಚೆಗೆ ಹೇಳಿ ಮಾಡಿಸಿದ್ದು. ಆದರೆ ಗೀರುಗಳ ವಿಷಯದಲ್ಲಿ ನಮ್ಮವರ ‘ಚೆನ್ನಾಗಿದೆ’ಗೂ ಜರ್ಮನಿಯವರ ‘ಚೆನ್ನಾಗಿದೆ’ಗೂ ಬಹಳ ಅಂತರ.

ನನ್ನ ತೀರ್ಪು ಇಷ್ಟೇ. ವಾಲ್ವ್, ಕಾರ್ಟ್ರಿಜ್, ತೋಳು, ರೆಕಾರ್ಡ್‌ನಂಥ ಸಣ್ಣ ಸಾಮಾನು ಸಮುದ್ರ ದಾಟಲಿ. ಡೆಕ್‌ಗಳನ್ನು ಪ್ಯಾಕಿಂಗ್ ಬಲ್ಲವನು ಸಿಕ್ಕರೆ ಮಾತ್ರ ಕಳಿಸಿ. ಭಾರದ ಆಂಪ್ಲಿಫೈಯರ್, ಸ್ಪೀಕರ್ ಇಲ್ಲೇ ಮಾರಿ. ಕರಕರ ಎನ್ನುವ ವಾಲ್ಯೂಮ್, ಉಬ್ಬಿದ ಕೆಪ್ಯಾಸಿಟರ್, ಸತ್ತ ಚಾನೆಲ್ ಏನಿದ್ದರೂ ಮೊದಲ ಸಾಲಿನಲ್ಲೇ ಬರೆಯಿರಿ. ಪಾಲಿಶ್ ಹೊಡೆದು ಹೊಸದು ಮಾಡಲು ಹೋಗಬೇಡಿ, ಸಂಗ್ರಾಹಕನಿಗೆ ಹಳೆಯ ಧೂಳಿನ ಮೇಲೆಯೇ ಹೆಚ್ಚು ನಂಬಿಕೆ. ಮತ್ತೆ, ವರ್ಷಗಟ್ಟಲೆ ಮುಚ್ಚಿಟ್ಟ ಸೆಟ್ಟನ್ನು ‘ಹಾಡುತ್ತದೇನೋ ನೋಡೋಣ’ ಎಂದು ನೇರ ಪ್ಲಗ್ಗಿಗೆ ಹಾಕಬೇಡಿ. ಒಣಗಿದ ಕೆಪ್ಯಾಸಿಟರ್ ಸಿಡಿದು ಟ್ರಾನ್ಸ್‌ಫಾರ್ಮರ್ ಸುಡುತ್ತದೆ. ವೇರಿಯಾಕ್ ಇಟ್ಟುಕೊಂಡಿರುವ ಹಳೆಯ ರೇಡಿಯೊ ಮೆಕ್ಯಾನಿಕ್ ಒಬ್ಬರನ್ನು ಹುಡುಕಿ, ವೋಲ್ಟೇಜನ್ನು ನಿಧಾನಕ್ಕೆ ಏರಿಸಿ ನೋಡಲು ಹೇಳಿ. ಅಂಥ ಮೆಕ್ಯಾನಿಕ್‌ಗಳು ಈಗ ವಿರಳ, ಕೇಳಿದಷ್ಟು ಕೂಲಿ ಕೊಡಿ.