ಫೌಂಡ್ರಿ ಹುಡುಗರ ಶ್ರುತಿ

ಪುಣೆ–ಬೆಂಗಳೂರು ಹೆದ್ದಾರಿ ಬಿಟ್ಟು ಕಣಗಲಾದ ಕಬ್ಬಿನ ಹೊಲಗಳ ನಡುವೆ ಇಳಿದದ್ದು ಗೆಳೆಯನ ಬೆಳೆ ನೋಡಲಿಕ್ಕೆ. ಬೆಳೆ ಚೆನ್ನಾಗಿತ್ತು, ಆ ಮಾತು ಅಲ್ಲಿಗೇ ಬಿಡೋಣ. ಬಾವಿಯ ಪಕ್ಕದ ಪಂಪ್‌ಶೆಡ್ಡಿನಲ್ಲಿ, ಸ್ಟಾರ್ಟರ್ ಡಬ್ಬಿಯ ಕೆಳಗೆ, ಯೂರಿಯಾದ ಖಾಲಿ ಚೀಲ ಹಾಸಿಕೊಂಡು ಗೆಳೆಯನ ಮಗ ಕರೀ ಎಲೆಕ್ಟ್ರಿಕ್ ಗಿಟಾರ್ ಹಿಡಿದು ಕುಂತಿದ್ದ. ಮೈಮೇಲೆ ‘ಮೆಟಾಲಿಕಾ’ ಅಂತ ಬರೆದ ಅಂಗಿ. ಅದನ್ನು ನೋಡಿ ನಾನೇನೂ ಬೆರಗಾಗಲಿಲ್ಲ. ಸಂಕೇಶ್ವರ, ನಿಪ್ಪಾಣಿಯ ಸಂತೆಯಲ್ಲಿ ಅಂಥ ಅಂಗಿ ರಾಶಿ ಹಾಕಿ ಮಾರುತ್ತಾರೆ. ತೊಟ್ಟವರಲ್ಲಿ ಆ ತಂಡದ ಹಾಡು ಕೇಳಿದವರನ್ನು ಬೆರಳಲ್ಲಿ ಎಣಿಸಬಹುದು. ಬೆರಗಾದದ್ದು ಅವನು ನುಡಿಸಲು ಶುರುಮಾಡಿದ ಮೇಲೆ.

“ಮೋಟರ್ ಬಂದ್ ಮಾಡ್ಲೇನೋ ತಮ್ಮಾ?” ಅಂದೆ.

“ಬ್ಯಾಡ್ರಿ ಕಾಕಾ. ಅದು ಚಾಲೂ ಇದ್ರನ ಚಲೋ. ಶ್ರುತಿ ಕೊಡ್ತೈತಿ.”

ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡರೆ ಅಲ್ಲ, ಲೆಕ್ಕ ಸರಿಯಾಗಿಯೇ ಇದೆ. ನಮ್ಮ ಕರೆಂಟು ಸೆಕೆಂಡಿಗೆ 50 ಆವರ್ತ ಮುಗಿಸುತ್ತದೆ. ಮೋಟರಿನ ಕಬ್ಬಿಣ ಅದರ ಎರಡು ಪಟ್ಟು, ಅಂದರೆ 100 ಸಲ ಕಂಪಿಸಿ ಗುಂಯ್ ಅನ್ನುತ್ತದೆ. ಪಾಶ್ಚಾತ್ಯರ ‘ಜಿ’ ಸ್ವರ 98ರಲ್ಲಿದೆ. ಕೂದಲೆಳೆಯಷ್ಟು ವ್ಯತ್ಯಾಸ. ಹುಡುಗ ಗಿಟಾರಿನ ಕಿವಿ ಹಿಂಡಿ ಆ ವ್ಯತ್ಯಾಸವನ್ನೂ ಸರಿಮಾಡಿಕೊಂಡಿದ್ದ. ಆ ಮೇಲೆ ಅವನು ನುಡಿಸಿದ್ದು ಬ್ಲ್ಯಾಕ್ ಸಬಾತ್ ತಂಡದ ಮೊದಲ ಆಲ್ಬಮ್ಮಿನ ಮೊದಲ ಹಾಡಿನ ಮೂರು ಸ್ವರ. ಮೂಲದಲ್ಲೂ ಅದು ‘ಜಿ’ಯಿಂದಲೇ ಏಳುತ್ತದೆ. ಹೆವಿ ಮೆಟಲ್ ಅನ್ನುವ ಸಂಗೀತದ ಹುಟ್ಟನ್ನು ಒಂದು ಜಾಗಕ್ಕೆ ಕಟ್ಟಿಹಾಕಲೇಬೇಕೆಂದರೆ ಬಹುಮಂದಿ ಆ ಮೂರು ಸ್ವರಕ್ಕೇ ಕಟ್ಟುತ್ತಾರೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಷಡ್ಜ, ಮೇಲಿನ ಷಡ್ಜ, ತೀವ್ರ ಮಧ್ಯಮ. ಇಷ್ಟೇ. ಷಡ್ಜ ಮತ್ತು ತೀವ್ರ ಮಧ್ಯಮದ ಜೋಡಿಗೆ ಯುರೋಪಿನ ಹಳೆಯ ಶಾಸ್ತ್ರಿಗಳು ಸೈತಾನನ ಹೆಸರು ಕೊಟ್ಟು ಹೆದರಿಸಿದ್ದರು. ಧಾರವಾಡದ ಕಡೆ ಅದೇ ತೀವ್ರ ಮಧ್ಯಮವನ್ನು ಸಂಜೆಹೊತ್ತು ಯಮನ್‌ನಲ್ಲಿ ಕೇಳಿ ಕಣ್ಣು ಮುಚ್ಚಿ ತಲೆದೂಗುತ್ತೇವೆ.

ಹುಡುಗ ಗೋಕುಲ ಶಿರಗಾಂವದ ಒಂದು ಫೌಂಡ್ರಿಯಲ್ಲಿ ಫೆಟ್ಲಿಂಗ್ ಕೆಲಸಕ್ಕಿದ್ದಾನೆ. ಅಚ್ಚಿನಿಂದ ಹೊರಬಂದ ಕಾಸ್ಟಿಂಗಿನ ಮೈಗೆ ಅಂಟಿದ ಹೆಚ್ಚಿನ ಕಬ್ಬಿಣವನ್ನು ಗ್ರೈಂಡರ್ ಹಿಡಿದು ಉಜ್ಜಿ ತೆಗೆಯುವ ಕೆಲಸ. ಈ ಭಾಗದ ಎಷ್ಟೋ ಮನೆಯ ಹುಡುಗರು ಹೀಗೆ ರಾಜ್ಯದ ಗಡಿ ದಾಟಿ ಕಾಗಲ, ಶಿರಗಾಂವದ ಕಾರ್ಖಾನೆಗಳಿಗೆ ಪಾಳಿಗೆ ಹೋಗಿಬರುತ್ತಾರೆ. ಇವನಿಗೆ ಈ ಸಂಗೀತ ಸಿಕ್ಕಿದ್ದು ಪಾಳಿಯ ಬಸ್ಸಿನಲ್ಲಿ, ಮೊಬೈಲಿನಲ್ಲಿ. “ದಿನಾ ಎಂಟು ತಾಸು ಗ್ರೈಂಡರ್ ಕೇಳಿ ಹೊರಗ ಬಂದ್ರ ಸಿನಿಮಾ ಹಾಡು ಸಪ್ಪಗ ಅನಸ್ತಾವ್ರಿ,” ಅಂದ. ಈ ಮಾತು ಕೇಳಿದಾಗಿನಿಂದ ನನಗೆ ಸಮಾಧಾನವಿಲ್ಲ. ಯಾಕೆಂದರೆ ಹೆವಿ ಮೆಟಲ್ ಹುಟ್ಟಿದ್ದೇ ಇಂಥ ಹುಡುಗರ ಕೈಯಲ್ಲಿ. ನಮ್ಮ ದೇಶಕ್ಕೆ ಬರುವಾಗ ಅದು ದಾರಿ ಬದಲಿಸಿ ಬೆಂಗಳೂರಿನ ಇಂಗ್ಲಿಷ್ ಕಾಲೇಜುಗಳ ಅಂಗಳದಲ್ಲಿ ಇಳಿಯಿತು. ಅಲ್ಲಿಂದ ಕಣಗಲಾಕ್ಕೆ ಬಂದು ಮುಟ್ಟಲು ಮೊಬೈಲು ಬೇಕಾಯಿತು.

ಅವನ ಬಲಗೈ ನೋಡುತ್ತಾ ಕುಂತೆ. ಅಂಗೈಯ ಅಂಚನ್ನು ತಂತಿಗಳ ಬುಡಕ್ಕೆ, ತಂತಿ ಕೂರುವ ಕುದುರೆಯ ಮೇಲೆ, ಅರ್ಧ ಒತ್ತಿ ಅರ್ಧ ಬಿಟ್ಟು ಇಟ್ಟಿರುತ್ತಾನೆ. ಒತ್ತಿದರೆ ಸ್ವರ ಸಾಯುತ್ತದೆ, ಬಿಟ್ಟರೆ ಹರಡುತ್ತದೆ. ನಡುವಿನ ಆ ಒಂದು ಎಳೆಯಲ್ಲಿ ‘ಢಗ್ ಢಗ್’ ಅನ್ನುವ ಸದ್ದು ಕೂತಿದೆ. ಮೀಟುವ ಕಡ್ಡಿಯನ್ನು ಮೇಲಿನಿಂದ ಕೆಳಕ್ಕೇ ಹೊಡೆಯಬೇಕು. ಮೇಲೆ ಬರುವಾಗ ಹೊಡೆದರೆ ಬಿರುಸು ಹೋಗುತ್ತದೆ. ಎಡಗೈಯಲ್ಲಿ ಬಹುತೇಕ ಎರಡೇ ಸ್ವರ, ಷಡ್ಜ ಮತ್ತು ಪಂಚಮ. ತಂಬೂರಿಯ ಜೋಡಿಯೇ! ಇದಕ್ಕೂ ಕಾರಣವಿದೆ. ಆಂಪ್ಲಿಫೈಯರಿಗೆ ತಾಳಲಾರದಷ್ಟು ಸದ್ದು ತುಂಬಿದರೆ ಅಲೆಯ ನೆತ್ತಿ ಕತ್ತರಿಸಿಹೋಗಿ, ನುಡಿಸದೇ ಇದ್ದ ಸ್ವರಗಳೂ ಒಳಗಿನಿಂದ ಏಳುತ್ತವೆ. ಷಡ್ಜ-ಪಂಚಮದ ಕಂಪನ ಎರಡಕ್ಕೆ ಮೂರು. ಅವೆರಡರ ವ್ಯತ್ಯಾಸದಿಂದ ಏಳುವುದು ಒಂದು, ಅಂದರೆ ಕೆಳಗಿನ ಷಡ್ಜ. ಸದ್ದಿಗೆ ಪುಕ್ಕಟೆ ಬುನಾದಿ. ನಡುವೆ ಗಾಂಧಾರ ಸೇರಿಸಿ ನೋಡಿ, ಎಲ್ಲ ಕಲಸಿ ರಾಡಿ. ಇಷ್ಟು ಸದ್ದಿನ ಸಂಗೀತ ಇಷ್ಟು ಕಡಿಮೆ ಸ್ವರಗಳಲ್ಲಿ ಯಾಕೆ ನಡೆಯುತ್ತದೆ ಅನ್ನುವುದಕ್ಕೆ ಇದೇ ಉತ್ತರ.

ಇನ್ನು ಬ್ಲ್ಯಾಕ್ ಸಬಾತ್‌ನ ಗಿಟಾರ್ ವಾದಕ ಟೋನಿ ಅಯೋಮಿಯ ಬೆರಳಿನ ಕತೆ. ಹೆವಿ ಮೆಟಲ್ ಬಗ್ಗೆ ಬರೆಯುವವರೆಲ್ಲ ಇದನ್ನು ಎರಡು ಸಾಲಿನಲ್ಲಿ ಮುಗಿಸುತ್ತಾರೆ. ನನಗೆ ಆಗುವುದಿಲ್ಲ.

ಬರ್ಮಿಂಗ್‌ಹ್ಯಾಮ್ ಅಂದರೆ ಇಂಗ್ಲೆಂಡಿನ ಫೌಂಡ್ರಿ, ಫೋರ್ಜ್, ತಗಡಿನ ಕಾರ್ಖಾನೆಗಳ ಊರು. 1948ರಲ್ಲಿ ಅಲ್ಲಿ ಹುಟ್ಟಿದ ಅಯೋಮಿ ಹದಿನೇಳನೇ ವಯಸ್ಸಿಗೆ ಒಂದು ತಗಡಿನ ಕಾರ್ಖಾನೆಯಲ್ಲಿ ವೆಲ್ಡಿಂಗ್ ಮಾಡುತ್ತಿದ್ದ. ಬ್ಯಾಂಡ್ ಸೇರಿಕೊಂಡಿದ್ದರಿಂದ ಅಂದು ಕೆಲಸದ ಕೊನೆಯ ದಿನ. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವನು ಇನ್ನು ಹೋಗುವುದಿಲ್ಲ ಅಂದ. ಹಿಡಿದ ಕೆಲಸ ಮುಗಿಸಿ ಬಾ ಅಂತ ತಾಯಿ ಕಳಿಸಿದಳು. ಪ್ರೆಸ್ ನಡೆಸುವವ ಅಂದು ಬಂದಿರಲಿಲ್ಲ, ರೂಢಿಯಿಲ್ಲದ ಇವನನ್ನು ಅದರ ಮುಂದೆ ನಿಲ್ಲಿಸಿದರು. ಬಲಗೈಯ ನಡುಬೆರಳು, ಉಂಗುರಬೆರಳುಗಳ ತುದಿ ಹೋದವು. ಅವನು ಎಡಚ, ಅಂದರೆ ತಂತಿ ಒತ್ತುವ ಕೈಯೇ ಅದು. ಮನೆಯಲ್ಲಿ ಮುಖ ಒಣಗಿಸಿಕೊಂಡು ಕುಂತಿದ್ದವನಿಗೆ ಕಾರ್ಖಾನೆಯ ಮೇಸ್ತ್ರಿ ಒಂದು ರೆಕಾರ್ಡ್ ತಂದು ಕೇಳಿಸಿದ. ನುಡಿಸಿದವನು ಜಾಂಗೋ ರೈನ್‌ಹಾರ್ಟ್, 1928ರಲ್ಲಿ ಬೆಂಕಿಗೆ ಸಿಕ್ಕು ಎಡಗೈಯ ಎರಡು ಬೆರಳುಗಳ ಸ್ವಾಧೀನ ಕಳೆದುಕೊಂಡು, ಉಳಿದವುಗಳಲ್ಲೇ ಜಾಜ್ ಗಿಟಾರಿನ ದೊರೆಯಾದವ.

ಅಯೋಮಿ ಪಾತ್ರೆ ತೊಳೆಯುವ ದ್ರವದ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಉಂಡೆ ಮಾಡಿದ. ಬಿಸಿ ಸೋಲ್ಡರಿಂಗ್ ಕಡ್ಡಿಯಿಂದ ತೂತು ಕೊರೆದು ಬೆರಳಿಗೆ ಕೂರಿಸಿದ, ಸ್ಯಾಂಡ್‌ಪೇಪರಿನಿಂದ ಉಜ್ಜಿ ಆಕಾರಕ್ಕೆ ತಂದ, ತಂತಿ ಜಾರದಿರಲೆಂದು ಹಳೆಯ ಜಾಕೆಟ್ಟಿನ ತೊಗಲು ಕತ್ತರಿಸಿ ಅಂಟಿಸಿದ. ಕೃತಕ ಬೆರಳಿಗೆ ತಂತಿಯ ಸ್ಪರ್ಶ ತಿಳಿಯುವುದಿಲ್ಲ. ದಪ್ಪ ತಂತಿ ಒತ್ತಿದರೆ ನೋವು. ಅದಕ್ಕೆ ಬ್ಯಾಂಜೊದ ತೆಳು ತಂತಿ ಹಾಕಿ ನೋಡಿದ. ಮುಂದೆ 1971ರ ‘ಮಾಸ್ಟರ್ ಆಫ್ ರಿಯಾಲಿಟಿ’ ಆಲ್ಬಮ್ಮಿನ ಹೊತ್ತಿಗೆ ಇಡೀ ಗಿಟಾರನ್ನೇ ಒಂದೂವರೆ ಸ್ವರ ಕೆಳಗಿಳಿಸಿ ತಂತಿ ಸಡಿಲಿಸಿಕೊಂಡ. ಸಡಿಲ ತಂತಿಯ ಆ ಕೆಳದನಿ ಇವತ್ತಿಗೂ ಈ ಸಂಗೀತದ ಮೈಬಣ್ಣ. ಹತ್ತೂ ಬೆರಳು ನೆಟ್ಟಗಿರುವ ಲಕ್ಷಾಂತರ ಹುಡುಗರು ಈಗ ಬೇಕೆಂದೇ ಗಿಟಾರ್ ಕೆಳಗಿಳಿಸುತ್ತಾರೆ. ಅಯೋಮಿಯ ಕೃತಕ ಬೆರಳತುದಿಯಂಥ ವಸ್ತು ಕಣಗಲಾಕ್ಕೂ ಹೊಸದಲ್ಲ: 1985ರಿಂದ ಇಲ್ಲಿರುವ ಹಿಂದುಸ್ತಾನ್ ಲೇಟೆಕ್ಸ್ (ಈಗ ಎಚ್‌ಎಲ್‌ಎಲ್ ಲೈಫ್‌ಕೇರ್) ಕಾರ್ಖಾನೆಯಲ್ಲಿ ಬೆರಳು ತೂರುವಂಥ ತೆಳು ರಬ್ಬರಿನ ಚೀಲವನ್ನು ಅಚ್ಚಿನ ಮೇಲೆ ಅದ್ದಿ ತೆಗೆಯುತ್ತಾರೆ, ಉಪಯೋಗ ಬೇರೆ. ಅಯೋಮಿ ಈ ಊರಲ್ಲಿ ಹುಟ್ಟಿದ್ದರೆ ಬಾಟಲಿ ಕರಗಿಸುವ ಕಷ್ಟ ತಪ್ಪುತ್ತಿತ್ತೇನೋ ಅಂದೆ. ಹುಡುಗ ನಕ್ಕ, ಅವನಪ್ಪ ನಗಲಿಲ್ಲ.

ಅಯೋಮಿಯ ಕತೆ ಹೇಳುವಾಗ ನನಗೆ ನೆನಪಾದವರು ಹಿಂದುಸ್ತಾನಿ ಗಾಯಕ ಕುಮಾರ ಗಂಧರ್ವರು. ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಅವರಿಗೆ (ಮೂಲ ಹೆಸರು ಶಿವಪುತ್ರ ಕೊಂಕಾಳಿಮಠ) ಕ್ಷಯ ತಗುಲಿ ಒಂದು ಶ್ವಾಸಕೋಶ ಹಾಳಾಯಿತು. ವರ್ಷಗಟ್ಟಲೆ ಹಾಡುವಂತಿರಲಿಲ್ಲ. ದೇವಾಸದಲ್ಲಿ ಚೇತರಿಸಿಕೊಂಡು ಮತ್ತೆ ಹಾಡಿದಾಗ ಉದ್ದ ಉಸಿರಿನ ಜಾಗದಲ್ಲಿ ತುಂಡು ತುಂಡಾದ, ಥಟ್ಟನೆ ಹಾರಿ ಥಟ್ಟನೆ ನಿಲ್ಲುವ ಸ್ವರಗಳು ಬಂದವು. ಮುಂದಿನವರು, ಎರಡೂ ಶ್ವಾಸಕೋಶ ಗಟ್ಟಿಯಿದ್ದವರೂ, ಅದನ್ನೇ ಅನುಕರಿಸಿದರು. ಬರ್ಮಿಂಗ್‌ಹ್ಯಾಮಿನ ಹುಡುಗನನ್ನು ಗಂಧರ್ವರ ಪಕ್ಕ ಕೂಡಿಸಿದ್ದಕ್ಕೆ ಬೈಯುವವರು ಬೈಯಲಿ.

ಉಳಿದ ಚರಿತ್ರೆ ಓದುಗರಿಗೆ ಗೊತ್ತಿರುವಂಥದ್ದೇ, ಬೇಗ ದಾಟುತ್ತೇನೆ. ಬ್ಲ್ಯಾಕ್ ಸಬಾತ್‌ನ ಮೊದಲ ಆಲ್ಬಮ್ 1970ರ ಫೆಬ್ರುವರಿಯಲ್ಲಿ ಬಂತು. ಹಾಡುಗಾರ ಆಜಿ ಆಸ್‌ಬರ್ನ್ ಅದಕ್ಕೂ ಮೊದಲು ಕಸಾಯಿಖಾನೆಯಲ್ಲಿ ದುಡಿದವ. ಅದೇ ಊರ ಸೀಮೆಯ ಜೂಡಾಸ್ ಪ್ರೀಸ್ಟ್ 1980ರಲ್ಲಿ ತನ್ನ ಆಲ್ಬಮ್ಮಿಗೆ ‘ಬ್ರಿಟಿಷ್ ಸ್ಟೀಲ್’ ಅಂತಲೇ ಹೆಸರಿಟ್ಟಿತು. ಅದೇ ವರ್ಷ ಲಂಡನ್ನಿನ ಐರನ್ ಮೇಡನ್‌ನ ಮೊದಲ ಆಲ್ಬಮ್. 1983ರಲ್ಲಿ ಅಮೆರಿಕದ ಮೆಟಾಲಿಕಾ ಎಲ್ಲವನ್ನೂ ದುಪ್ಪಟ್ಟು ವೇಗಕ್ಕೆ ಏರಿಸಿತು, ಅದಕ್ಕೆ ಥ್ರ್ಯಾಶ್ ಅಂದರು. ಫ್ಲಾರಿಡಾದವರು ಮಾತು ತಿಳಿಯದ ಹಾಗೆ ಗಂಟಲಿನಿಂದ ಗುರುಗುಟ್ಟಿದರು, ಅದು ಡೆತ್ ಮೆಟಲ್. ತೊಂಬತ್ತರ ದಶಕದಲ್ಲಿ ನಾರ್ವೆಯ ಬ್ಲ್ಯಾಕ್ ಮೆಟಲ್ ಹುಡುಗರು ಹಳೆಯ ಮರದ ಚರ್ಚುಗಳಿಗೆ ಬೆಂಕಿಯಿಟ್ಟರು. ಅದನ್ನು ಈಗಲೂ ರಮ್ಯ ಕತೆಯಂತೆ ಹೇಳುವವರಿದ್ದಾರೆ, ನನಗೆ ಅದು ಶುದ್ಧ ಪುಂಡಾಟಿಕೆಯಾಗಿ ಕಾಣುತ್ತದೆ. ಆಮೇಲೆ ಒಳಜಾತಿ, ಉಪಜಾತಿ. ನಮ್ಮ ಊರ ಪಂಗಡಗಳೇ ನಾಚಬೇಕು, ಅಷ್ಟು.

ಬೆಂಗಳೂರಿಗೆ ಬರೋಣ. 1988ರಲ್ಲಿ ಮಿಲೇನಿಯಂ, 1991ರಲ್ಲಿ ಡೈಯಿಂಗ್ ಎಂಬ್ರೇಸ್, 1998ರಲ್ಲಿ ಕ್ರಿಪ್ಟೋಸ್. ಕ್ಯಾಸೆಟ್ಟು ನಕಲು ಮಾಡಿ ಕೈಯಿಂದ ಕೈಗೆ ದಾಟಿಸುತ್ತಿದ್ದ ಕಾಲದಲ್ಲಿ ಬೆಳೆದ ತಂಡಗಳು. 2007ರ ಮಾರ್ಚ್ 17ರಂದು ಅರಮನೆ ಮೈದಾನಕ್ಕೆ ಐರನ್ ಮೇಡನ್ ಬಂದಾಗ ಈಶಾನ್ಯ ರಾಜ್ಯಗಳಿಂದಲೂ ಹುಡುಗರು ರೈಲು ಹತ್ತಿದ್ದರು. 2011ರ ಅಕ್ಟೋಬರ್ 30ರಂದು ಮೆಟಾಲಿಕಾ ಅದೇ ಮೈದಾನದಲ್ಲಿ ನುಡಿಸಿತು. ಅದಕ್ಕೆ ಎರಡೇ ದಿನ ಮೊದಲು ಗುರುಗ್ರಾಮದ ಕಾರ್ಯಕ್ರಮ ರದ್ದಾಗಿ ಅಲ್ಲಿನ ಜನ ರೊಚ್ಚಿಗೆದ್ದು ವೇದಿಕೆ ಮುರಿದಿದ್ದರು. ಬೆಂಗಳೂರಿನಲ್ಲಿ ಎಲ್ಲ ಸಾಂಗವಾಗಿ ನಡೆಯಿತು. 2012ರಲ್ಲಿ ಬೆಂಗಳೂರು ಓಪನ್ ಏರ್ ಉತ್ಸವ ಶುರುವಾಯಿತು. ಅದಕ್ಕೆ ಜರ್ಮನಿಯ ವಾಕನ್ ಉತ್ಸವದ ನಂಟಿದೆ. ವಾಕನ್ ಸುಮಾರು ಎರಡು ಸಾವಿರ ಜನರ ಒಂದು ಹಳ್ಳಿ, ಸುತ್ತ ಬರೀ ಹೊಲ. 1990ರಿಂದ ಬೇಸಿಗೆಯಲ್ಲಿ ಅಲ್ಲಿ ಜಾತ್ರೆ, ಈಗ ಎಂಬತ್ತು ಸಾವಿರ ದಾಟಿ ಜನ. 2017ರಲ್ಲಿ ಅವರು ಹೊಲದಡಿ ಕಿಲೋಮೀಟರ್‌ಗಟ್ಟಲೆ ಪೈಪ್‌ಲೈನ್ ಹಾಕಿದರು, ಬಿಯರ್ ಹರಿಸಲಿಕ್ಕೆ! ಇದನ್ನು ಕೇಳಿದ ಗೆಳೆಯ ಮಾತ್ರ ಮೊದಲ ಬಾರಿಗೆ ಹೆವಿ ಮೆಟಲ್‌ನಲ್ಲಿ ಆಸಕ್ತಿ ತೋರಿಸಿದ. ಆ ಹೊಲದಲ್ಲಿ 2013ರಲ್ಲಿ ನಮ್ಮ ಕ್ರಿಪ್ಟೋಸ್ ನುಡಿಸಿದೆ. ಜರ್ಮನಿಯ ಎಎಫ್‌ಎಂ ಕಂಪನಿ ಅವರ ಆಲ್ಬಮ್ ಹೊರತರುತ್ತದೆ. 2024ರಲ್ಲಿ ಬಂದದ್ದು ‘ಡೆಸಿಮೇಟರ್’. ಎಂಬತ್ತರ ದಶಕದ ಚೊಕ್ಕ ಮೆಟಲ್, ಎರಡು ಗಿಟಾರು ಜೋಡಿ ಎತ್ತಿನಂತೆ ಒಂದೇ ನೊಗದಲ್ಲಿ ಸಾಗುತ್ತವೆ. ನನಗೆ ಇಷ್ಟ.

ಈಗಿನ ಸ್ಥಿತಿ? ರೇಡಿಯೊದಲ್ಲಿಲ್ಲ, ಟಿವಿಯಲ್ಲಿಲ್ಲ, ಆದರೆ ಸಾಯುವ ಲಕ್ಷಣವೂ ಇಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಫ್ರಾನ್ಸಿನ ಗೊಜಿರಾ ತಂಡ ಹಳೆಯ ಸೆರೆಮನೆಯ ಕಿಟಕಿಗಳಲ್ಲಿ ನಿಂತು ನುಡಿಸಿತು. 2025ರ ಜುಲೈ 5ರಂದು ಬರ್ಮಿಂಗ್‌ಹ್ಯಾಮಿನ ವಿಲ್ಲಾ ಪಾರ್ಕ್ ಮೈದಾನದಲ್ಲಿ ಬ್ಲ್ಯಾಕ್ ಸಬಾತ್‌ನ ಮೂಲ ನಾಲ್ವರು ಕೊನೆಯ ಸಲ ಕೂಡಿದರು. ಆಜಿ ಸಿಂಹಾಸನದಂಥ ಕುರ್ಚಿಯಲ್ಲಿ ಕೂತೇ ಹಾಡಿದ. ಮೂರು ವಾರ ಕಳೆಯುವುದರೊಳಗೆ, ಜುಲೈ 22ಕ್ಕೆ, 76ನೇ ವಯಸ್ಸಿನಲ್ಲಿ ತೀರಿಕೊಂಡ. ಮರುದಿನ ಹುಡುಗ ಫೌಂಡ್ರಿಗೆ ರಜೆ ಹಾಕಿದ್ದನಂತೆ. ಕಾರಣ ಕೇಳಿದ ಸೂಪರ್‌ವೈಸರ್‌ಗೆ “ಸಂಬಂಧಿಕರು ಹೋದ್ರು” ಅಂದನಂತೆ.

ನನ್ನ ತಕರಾರು ಭಾಷೆಯದು. ಬೆಂಗಳೂರಿನ ಹೆಸರಾದ ಮೆಟಲ್ ತಂಡಗಳು ಹಾಡುವುದು ಇಂಗ್ಲಿಷಿನಲ್ಲಿ. ದಿಲ್ಲಿಯ ಬ್ಲಡಿವುಡ್ ಢೋಲು ಹೊತ್ತು, ಹಿಂದಿ-ಪಂಜಾಬಿಯಲ್ಲಿ ಕೂಗಿ 2019ರಲ್ಲಿ ವಾಕನ್‌ಗೆ ಹೋಗಿಬಂತು, ಆಮೇಲೆ ಜಪಾನಿನವರೂ ಕರೆಸಿಕೊಂಡರು. ಕನ್ನಡದಲ್ಲಿ ಗಿಟಾರ್ ಹಿಡಿದ ರಘು ದೀಕ್ಷಿತ್, ಸ್ವರಾತ್ಮ ಮುಂತಾದವರು ಜನಪದದ ಕಡೆ, ತತ್ವಪದದ ಕಡೆ ಹೊರಳಿದರು. ಚೆನ್ನಾಗಿಯೇ ಹಾಡಿದರು, ಆದರೆ ಹಿತವಾಗಿ ಹಾಡಿದರು. ನಮ್ಮ ಜನಪದವೆಲ್ಲ ಹಿತವೇ? ಗೋಕಾಕ, ಮೂಡಲಗಿ ಸೀಮೆಯಲ್ಲಿ ರಾತ್ರಿಯಿಡೀ ನಡೆಯುವ ಡೊಳ್ಳಿನ ಪದ ಕೇಳಿ. ಎರಡು ಮೇಳ ಎದುರುಬದುರು ನಿಂತು, ಕಿವಿಗೆ ಕೈಯಿಟ್ಟು, ನರ ಉಬ್ಬಿಸಿ, ಗಂಟಲು ಹರಿಯುವ ಹಾಗೆ ಸವಾಲು ಎಸೆಯುತ್ತವೆ. ಕರಡಿ ಮಜಲಿನವರು ಗುಡಿಯ ಮುಂದೆ ಲಯ ಏರಿಸಿದಾಗ ಪಕ್ಕದವನ ಮಾತು ಕೇಳಿಸುವುದಿಲ್ಲ. ಒತ್ತಕ್ಷರಗಳಿಂದ ತುಂಬಿದ ನಮ್ಮ ಮಾತು ಅಂಗೈ ಒತ್ತಿ ಹೊಡೆಯುವ ಗಿಟಾರಿಗೆ ಹೇಳಿ ಮಾಡಿಸಿದ್ದು. ಹುಡುಗ ಗ್ರೈಂಡರಿನ ಕಿಡಿ, ಮೂಗಿಗೆ ಮೆತ್ತಿದ ಕರೀ ಧೂಳಿನ ಮೇಲೆ ನಾಲ್ಕು ಸಾಲು ಬರೆದಿದ್ದಾನೆ, ಈ ಕಡೆಯ ಆಡುಮಾತಿನಲ್ಲೇ. ಹಾಡಿ ತೋರಿಸು ಅಂದರೆ, “ಡ್ರಮ್ ಇಲ್ದ ಬ್ಯಾಡ್ರಿ,” ಅಂದ. ನಿಪ್ಪಾಣಿ ಕಡೆ ಡ್ರಮ್ ಬಾರಿಸುವವರು ಇದ್ದಾರೆ. ಅವರಿಗೆ ಮದುವೆ, ಆರ್ಕೆಸ್ಟ್ರಾ; ಗಣಪತಿ ಹಬ್ಬದಲ್ಲಂತೂ ಡಾಲ್ಬಿ ಅನ್ನುವ ದೈತ್ಯ ಸ್ಪೀಕರುಗಳೇ ಎಲ್ಲ.

ಡಾಲ್ಬಿಗೆ ಎದೆಗೂಡು ನಡುಗಿಸಿಕೊಂಡು ಕುಣಿಯುವ ಊರಿಗೆ ಹೆವಿ ಮೆಟಲ್ ಗದ್ದಲ ಅನ್ನುವ ಹಕ್ಕಿಲ್ಲ. ಒಂದು ಡೊಳ್ಳಿನ ಮೇಳ, ಒಂದು ಬೆಂಗಳೂರಿನ ಮೆಟಲ್ ತಂಡ, ಒಂದೇ ವೇದಿಕೆ: ಜಿಲ್ಲೆಯ ಯಾವುದಾದರೂ ಉತ್ಸವ ಸಮಿತಿ ಒಂದೇ ಒಂದು ವರ್ಷ ಹೀಗೆ ಮಾಡಿ ನೋಡಲಿ. ಮಾಡುವುದಿಲ್ಲ. ಈ ಸಲವೂ ಕರೆಯೋಲೆಯಲ್ಲಿ ಚಲನಚಿತ್ರ ಗೀತೆಗಳ ರಸಮಂಜರಿಯೇ ಇರುತ್ತದೆ, ಬೇಕಾದರೆ ಬರೆದುಕೊಡುತ್ತೇನೆ.