ಮೈಕಲ್ ಜೋರ್ಡನ್‌ರನ್ನು ಶಾಲಾ ತಂಡದಿಂದ ಹೊರಹಾಕಿದ್ದು ನಿಜವೇ?

ಶಾಲಾ ಕ್ರೀಡಾಕೂಟಗಳ ಸಮಯ ಬಂತೆಂದರೆ ವಾಟ್ಸಾಪ್ ಗುಂಪುಗಳಲ್ಲಿ ಈ ಕತೆಯೂ ಬಂದುಬಿಡುತ್ತದೆ: ಆಟ ಬರುವುದಿಲ್ಲವೆಂದು ಶಾಲೆಯ ಬಾಸ್ಕೆಟ್‌ಬಾಲ್ ತಂಡದಿಂದ ಹುಡುಗನೊಬ್ಬನನ್ನು ಹೊರಹಾಕಿದರು. ಅವನು ಛಲ ಬಿಡಲಿಲ್ಲ. ಅವನೇ ಮುಂದೆ ಮೈಕಲ್ ಜೋರ್ಡನ್ ಆದ! ಓದಿದರೆ ಹುಮ್ಮಸ್ಸು ಬರುತ್ತದೆ, ನಿಜ. ಆದರೆ ಹರಿದಾಡುತ್ತಿರುವುದು ಅರ್ಧ ಕತೆ ಮಾತ್ರ. ನಮ್ಮ ಮಕ್ಕಳಿಗೆ ಬೇಕಾದ ಪಾಠ ಇರುವುದು ಉಳಿದರ್ಧದಲ್ಲಿ.

ನಡೆದದ್ದೇನು?

1978ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ವಿಲ್ಮಿಂಗ್ಟನ್ ಊರಿನ ಲೇನಿ ಹೈಸ್ಕೂಲಿನಲ್ಲಿ ತಂಡದ ಆಯ್ಕೆ ನಡೆಯಿತು. ಜೋರ್ಡನ್‌ಗೆ ಆಗ 15 ವರ್ಷ, ಎತ್ತರ ಸುಮಾರು 5 ಅಡಿ 10 ಇಂಚು. ಶಾಲೆಯ ಮುಖ್ಯ ತಂಡಕ್ಕೆ ಎತ್ತರದ ಆಟಗಾರರು ಬೇಕಿತ್ತು. ಹಾಗಾಗಿ ಅವರದೇ ತರಗತಿಯ, ಆರೂವರೆ ಅಡಿಗಿಂತ ಎತ್ತರವಿದ್ದ ಲೆರಾಯ್ ಸ್ಮಿತ್ ಆಯ್ಕೆಯಾದರು. ಜೋರ್ಡನ್‌ರನ್ನು ಮನೆಗೆ ಕಳಿಸಲಿಲ್ಲ, ಕಿರಿಯರ ತಂಡಕ್ಕೆ ಹಾಕಿದರು.

ಮುಖ್ಯ ತಂಡದ ಬೆಂಚಿನಲ್ಲಿ ಕೂರುವ ಬದಲು ಕಿರಿಯರ ತಂಡದಲ್ಲಿ ಅವರಿಗೆ ಪ್ರತಿ ಪಂದ್ಯದಲ್ಲೂ ಆಡುವ ಅವಕಾಶ ಸಿಕ್ಕಿತು. ಅಲ್ಲಿ ಅವರು ಮಿಂಚಿದರು, ಜೊತೆಗೆ ಕಷ್ಟಪಟ್ಟು ಅಭ್ಯಾಸ ಮಾಡಿದರು. ಮುಂದಿನ ವರ್ಷದ ಹೊತ್ತಿಗೆ ಕೆಲವು ಇಂಚು ಎತ್ತರವೂ ಆಗಿ ಮುಖ್ಯ ತಂಡ ಸೇರಿದರು. ಅಂದರೆ ಛಲ ಇತ್ತು, ಅದರ ಜೊತೆಗೆ ಆಡಲು ಒಂದು ಜಾಗವೂ ಇತ್ತು. ಫಾರ್ವರ್ಡ್‌ಗಳು ಈ ಎರಡನೆಯದನ್ನು ಬಿಟ್ಟುಬಿಡುತ್ತವೆ.

ಆತ್ಮವಿಶ್ವಾಸ ಎಲ್ಲಿಂದ ಬರುತ್ತದೆ?

"ನಿನ್ನ ಕೈಲಿ ಆಗುತ್ತೆ" ಎಂದು ಹತ್ತು ಸಲ ಹೇಳಿದರೆ ಮಕ್ಕಳಿಗೆ ಆತ್ಮವಿಶ್ವಾಸ ಬರುತ್ತದೆ ಎಂದು ನಾವು ನಂಬಿದ್ದೇವೆ. ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ 1977ರಲ್ಲಿ ಇದರ ಬಗ್ಗೆ ಒಂದು ಸಿದ್ಧಾಂತ ಮುಂದಿಟ್ಟರು. ಅವರ ಪ್ರಕಾರ ಇಂಥ ನಂಬಿಕೆಗೆ ನಾಲ್ಕು ಮೂಲಗಳಿವೆ: ತಾನೇ ಮಾಡಿ ಗೆದ್ದ ಅನುಭವ, ತನ್ನಂಥವರು ಗೆದ್ದದ್ದನ್ನು ನೋಡುವುದು, ಇತರರ ಪ್ರೋತ್ಸಾಹದ ಮಾತು, ಮತ್ತು ಆ ಕ್ಷಣದಲ್ಲಿ ತನ್ನ ದೇಹ–ಮನಸ್ಸಿನ ಸ್ಥಿತಿ. ಇವುಗಳಲ್ಲಿ ಮೊದಲನೆಯದಕ್ಕೇ ಹೆಚ್ಚು ಬಲ. ನಿನ್ನೆ ಬಲೆ ದಾಟದಿದ್ದ ವಾಲಿಬಾಲ್ ಸರ್ವಿಸ್ ಇವತ್ತು ದಾಟಿದರೆ, ಅದು ಯಾವ ಭಾಷಣಕ್ಕಿಂತಲೂ ಹೆಚ್ಚು ಧೈರ್ಯ ಕೊಡುತ್ತದೆ.

ಹೊಗಳುವ ರೀತಿಯೂ ಮುಖ್ಯ. ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರೊಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಐದನೇ ತರಗತಿಯ ಮಕ್ಕಳಿಗೆ ಒಗಟಿನಂಥ ಲೆಕ್ಕಗಳನ್ನು ಕೊಡಲಾಯಿತು. ಕೆಲವರಿಗೆ "ನೀನು ಜಾಣ" ಎಂದೂ, ಕೆಲವರಿಗೆ "ಚೆನ್ನಾಗಿ ಶ್ರಮಪಟ್ಟೆ" ಎಂದೂ ಹೇಳಿದರು. ಆಮೇಲೆ ಕಷ್ಟದ ಲೆಕ್ಕ ಬಂದು ಎಡವಿದಾಗ, ಜಾಣ ಎನಿಸಿಕೊಂಡವರು ಬೇಗ ಉತ್ಸಾಹ ಕಳೆದುಕೊಂಡರು. ಇದು ಆಟದ ಮೈದಾನದಲ್ಲಿ ನಡೆದ ಪ್ರಯೋಗವಲ್ಲ. ಆದರೂ "ನೀನು ಹುಟ್ಟು ಆಟಗಾರ" ಎನ್ನುವ ಮುನ್ನ ಒಮ್ಮೆ ಯೋಚಿಸಬೇಕಾದ ವಿಷಯ.

ಆಯ್ಕೆಯಾಗದಿದ್ದರೆ ಪ್ರತಿಭೆ ಇಲ್ಲವೆಂದೇ?

ಅಲ್ಲ. 14 ವರ್ಷದೊಳಗಿನವರ ತಂಡ ಎಂದಾಗ, ಒಂದೇ ಗುಂಪಿನಲ್ಲಿರುವ ಇಬ್ಬರು ಮಕ್ಕಳ ನಡುವೆ ಹೆಚ್ಚುಕಡಿಮೆ ಒಂದು ವರ್ಷದ ಅಂತರ ಇರಬಹುದು. ಬೆಳೆಯುವ ವಯಸ್ಸಿನಲ್ಲಿ ಅದು ದೊಡ್ಡ ಅಂತರ. ಕೆನಡಾದ ಐಸ್ ಹಾಕಿ ಆಟಗಾರರ ಜನ್ಮದಿನಾಂಕಗಳನ್ನು ಪರಿಶೀಲಿಸಿದ ಸಂಶೋಧಕರು, ಮೇಲ್ಮಟ್ಟದ ತಂಡಗಳಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚಿದ್ದಾರೆಂದು 1985ರಲ್ಲಿ ತೋರಿಸಿಕೊಟ್ಟರು. ಅಲ್ಲಿ ವಯಸ್ಸಿನ ಲೆಕ್ಕ ಜನವರಿ 1ರಿಂದ ಶುರುವಾಗುತ್ತಿತ್ತು. ಮೊದಲು ಹುಟ್ಟಿದವರು ದೊಡ್ಡವರಾಗಿ ಕಂಡರು, ಆಯ್ಕೆಯಾದರು, ಹೆಚ್ಚು ತರಬೇತಿ ಪಡೆದರು, ಇನ್ನಷ್ಟು ಮುಂದೆ ಹೋದರು. ತಡವಾಗಿ ಹುಟ್ಟಿದವರಲ್ಲಿ ಎಷ್ಟೋ ಮಂದಿ ಪ್ರತಿಭೆ ತೋರಿಸುವ ಮೊದಲೇ ಆಟ ಬಿಟ್ಟಿರಬಹುದು.

ತಾಲ್ಲೂಕು ಮಟ್ಟದ ಕಬಡ್ಡಿ ತಂಡದಲ್ಲಿ ನಿಮ್ಮ ಮಗಳ ಹೆಸರು ಬಾರದಿದ್ದರೆ, ಅದು ಈ ವರ್ಷದ ತೀರ್ಮಾನ ಅಷ್ಟೇ.

ಪಾಲಕರು ಏನು ಮಾಡಬಹುದು?

• ಆಯ್ಕೆಯಾಗದ ದಿನ ಬುದ್ಧಿವಾದ ಬೇಡ. ಬೇಸರಪಡಲು ಬಿಡಿ, ಮಾತು ಕೇಳಿಸಿಕೊಳ್ಳಿ.
• ಯಾವುದರಲ್ಲಿ ಸುಧಾರಿಸಬೇಕೆಂದು ಪಿಟಿ ಮೇಷ್ಟ್ರನ್ನು ಕೇಳಿ. ಒಂದೆರಡು ಸಣ್ಣ ಗುರಿ ಸಾಕು.
• ಆಡುವ ಜಾಗ ತಪ್ಪದಂತೆ ನೋಡಿಕೊಳ್ಳಿ. ಬಡಾವಣೆಯ ಮೈದಾನ, ಕಿರಿಯರ ತಂಡ, ಸಂಜೆಯ ಗೆಳೆಯರ ಗುಂಪು, ಯಾವುದಾದರೂ ಸರಿ.
• ಪಕ್ಕದ ಮನೆಯ ಹುಡುಗನ ಜೊತೆ ಹೋಲಿಸಬೇಡಿ. ಕಳೆದ ತಿಂಗಳ ತನ್ನದೇ ಆಟದ ಜೊತೆ ಹೋಲಿಸಿಕೊಳ್ಳಲು ಕಲಿಸಿ.
• ನೋವು ನುಂಗಿ ಆಡುವುದು ಛಲವಲ್ಲ. ಬೆಳೆಯುವ ಮಕ್ಕಳ ಮೂಳೆಯ ತುದಿಗಳು ಇನ್ನೂ ಗಟ್ಟಿಯಾಗಿರುವುದಿಲ್ಲ. ಕುಂಟುತ್ತಿದ್ದರೆ ಅಥವಾ ನೋವು ಹೋಗದಿದ್ದರೆ ಆಟ ನಿಲ್ಲಿಸಿ ವೈದ್ಯರಿಗೆ ತೋರಿಸಿ.

ಛಲವಿದ್ದವರೆಲ್ಲ ಜೋರ್ಡನ್ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಆಟದ ಖುಷಿ ಉಳಿದರೆ ಮಗು ನಾಳೆಯೂ ಮೈದಾನಕ್ಕೆ ಹೋಗುತ್ತದೆ. ಜೋರ್ಡನ್ ಕತೆ ಮತ್ತೆ ನಿಮ್ಮ ಗುಂಪಿಗೆ ಬಂದರೆ, ಮುಂದಕ್ಕೆ ಕಳಿಸುವಾಗ ಈ ಸಾಲನ್ನೂ ಸೇರಿಸಿ: ಅವರನ್ನು ಹೊರಹಾಕಿರಲಿಲ್ಲ, ಆಡುತ್ತಾ ಬೆಳೆಯಲು ಇನ್ನೊಂದು ತಂಡ ಕೊಟ್ಟಿದ್ದರು.